ಹೊಳೆಯುವ ಮುಖಕ್ಕೆ ಇಟ್ಟ ಗಂಧ

ಬಿಗಿದುಕೊಂಡಿದ್ದನ್ನು ಕಂಡರೆ ನಾನು ಬಿಚ್ಚದೆ ಬಿಡುವವನಲ್ಲ. ಒಂದು ಕಾಲಕ್ಕೆ ಇದು ಹೆಮ್ಮೆಯ ಮಾತಾಗಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಂತು ಆಯುಷ್ಯ ಸವೆಸಿದವನು ನಾನು. ತುಕ್ಕು ಹಿಡಿದ ಬೋಲ್ಟು, ಜಾಮ್ ಆದ ಬೇರಿಂಗು, ಮುಚ್ಚಳ ಕಚ್ಚಿಕೊಂಡ ಉಪ್ಪಿನಕಾಯಿ ಭರಣಿ, ಎಲ್ಲಕ್ಕೂ ನನ್ನ ಹತ್ತಿರ ಒಂದೇ ಮಂತ್ರ: ಸ್ವಲ್ಪ ಎಣ್ಣೆ, ಸ್ವಲ್ಪ ಬಲ, ಬೇಕಾದಷ್ಟು ಬೈಗುಳ. ನಿವೃತ್ತನಾಗಿ ಶಿವಮೊಗ್ಗದ ರವೀಂದ್ರನಗರಕ್ಕೆ ಬಂದು ನೆಲೆಸಿದ ಮೇಲೂ ಆ ಚಾಳಿ ಹೋಗಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾಳೆ ನನ್ನ ಹೆಂಡತಿ. ಅವಳು ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಲ್ಯಾಪ್‌ಟಾಪಿನೊಳಗೆ ಈ ದಸರಾದಲ್ಲಿ ಒಂದು ಡಿಸ್ಕು ಸಿಕ್ಕಿಹಾಕಿಕೊಂಡಿತು. ಅದು ನನ್ನದೇ ಆಗಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದೆ. ಅದು ನನ್ನ ಗೆಳೆಯನದು. ಕಾರ್ಖಾನೆಯಲ್ಲಿ ಪಕ್ಕದ ಲೇತ್ ಅವನದು. ಮನೆಯಲ್ಲಿ ತಮಿಳು, ಮೈಕಿನ ಮುಂದೆ ಕನ್ನಡ. ನ್ಯೂ ಟೌನಿನ ನಮ್ಮ ಕಾಲೋನಿಯಲ್ಲಿ ಗಣಪತಿ ಕೂರಿಸಲಿ, ರಾಜ್ಯೋತ್ಸವ ಮಾಡಲಿ, ಯಾರದಾದರೂ ಬೀಳ್ಕೊಡುಗೆ ಇರಲಿ, ನಿರೂಪಣೆ ಅವನದೇ. ಅವನು ಮಾತಾಡಲು ಶುರುಮಾಡಿದರೆ ಹಿಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದವರೂ ಸಿಪ್ಪೆ ಕೆಳಗಿಟ್ಟು ಕೇಳುತ್ತಿದ್ದರು. ಹಾಗಿದ್ದವನಿಗೆ ನಿವೃತ್ತಿಯಾದ ಮಾರನೇ ವರ್ಷ ಗಂಟಲಿನ ಕಾಯಿಲೆ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು.

ಅವನ ದನಿ ಉಳಿದಿದ್ದು ಒಂದೇ ಕಡೆ, ಅವನ ಬೀಳ್ಕೊಡುಗೆ ಸಮಾರಂಭದ ಡಿಸ್ಕಿನಲ್ಲಿ. ಆ ಕಾಲಕ್ಕೆ ನಮ್ಮ ಜೇಬಿನಲ್ಲಿ ಇದ್ದವು ಬರೀ ಮಾತಾಡುವ ಫೋನುಗಳು, ಮಾತನ್ನು ಹಿಡಿದಿಡುವ ಫೋನುಗಳಲ್ಲ. ವಿಡಿಯೋ ತೆಗೆದವನು ಅಂಗಡಿ ಮುಚ್ಚಿ ಎಲ್ಲಿಗೋ ಹೋದ. ಕ್ವಾರ್ಟರ್ಸ್ ಬಿಡುವ ಗಡಿಬಿಡಿಯಲ್ಲಿ ಆ ಡಿಸ್ಕೂ ಕಳೆದುಹೋಯಿತು ಎಂದು ಅವನ ಮನೆಯವರು ಅಂದುಕೊಂಡಿದ್ದರು. ಈ ಸಲ ದಸರಾಕ್ಕೆ ಮನೆ ತೊಳೆಯುವಾಗ ಹಳೇ ಸೀರೆಗಳ ಮಡಿಕೆಯಲ್ಲಿ ಸಿಕ್ಕಿತು. ಅವರ ಮನೆಯ ಡಿಸ್ಕ್ ಪ್ಲೇಯರ್ ಕೆಟ್ಟು ಗುಜರಿಗೆ ಹೋಗಿತ್ತು. ನಮ್ಮ ಮನೆಯಲ್ಲಿ ಮಗಳು ಓದುವಾಗ ಕೊಂಡ ದಪ್ಪನೆಯ ಲ್ಯಾಪ್‌ಟಾಪ್ ಇದೆ, ಅದಕ್ಕೆ ಡಿಸ್ಕ್ ಹಾಕುವ ಬಾಯಿಯೂ ಇದೆ. ಹಾಗಾಗಿ ನಾನು ಭದ್ರಾವತಿಗೆ ಹೋಗಿದ್ದಾಗ ಗೆಳೆಯನ ಹೆಂಡತಿ ಡಿಸ್ಕನ್ನು ನನ್ನ ಕೈಗೆ ಕೊಟ್ಟರು.

"ಅಣ್ಣಾ, ಪೆನ್‌ಡ್ರೈವ್‌ಗೆ ಹಾಕ್ಕೊಡಿ. ದೀಪಾವಳಿಗೆ ಮಗಳು, ಮೊಮ್ಮಗು ದಾವಣಗೆರೆಯಿಂದ ಬರ್ತಾರೆ. ಮಗು ಕೇಳ್ತಾಳೆ ಅಣ್ಣಾ, ಅಜ್ಜ ಹುಟ್ಟಿದಾಗಿಂದ ಮೂಕನಾ ಅಂತ."

ಗೆಳೆಯ ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ನನ್ನ ತೊಡೆಯ ಮೇಲಿದ್ದ ಡಿಸ್ಕಿನ ಡಬ್ಬಿ ಮುಟ್ಟಿದ, ತನ್ನ ಗಂಟಲು ಮುಟ್ಟಿಕೊಂಡ, ಆಮೇಲೆ ಅಂಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಮಗುವಿನ ಎತ್ತರ ತೋರಿಸಿದ. ಅರ್ಥವಾಗದೇ ಇರಲು ನಾನೇನು ಕಲ್ಲೇ? "ಆಯ್ತು ಹೋಗ್ ಮಾರಾಯ, ನನ್ ಕೈಯಲ್ಲಿದೆ ಅಂದ್ರೆ ಬ್ಯಾಂಕಿನಲ್ಲಿದ್ದ ಹಾಗೆ" ಎಂದೆ. ಈ ಮಾತು ಈಗಲೂ ಕಿವಿಯಲ್ಲಿ ಕೂತು ಚುಚ್ಚುತ್ತದೆ.

ಮನೆಗೆ ಬಂದ ದಿನವೇ ಕಾಪಿ ಮಾಡಬಹುದಿತ್ತು. ಮಾಡಲಿಲ್ಲ. ಮರುದಿನ ಆಯುಧಪೂಜೆ. ಕಾರ್ಖಾನೆಯಲ್ಲಿ ದುಡಿದವರಿಗೆ ಆ ಹಬ್ಬದ ಮುಂದೆ ಉಳಿದ ಹಬ್ಬಗಳೆಲ್ಲ ಸಪ್ಪೆ. ಲೇತ್ ತೊಳೆದು, ಒರೆಸಿ, ಚೆಂಡು ಹೂವಿನ ಹಾರ ಹಾಕಿ, ಉಳಿ ಸುತ್ತಿಗೆಗಳಿಗೆಲ್ಲ ಗಂಧ ಕುಂಕುಮ ಇಟ್ಟು, ಬೂದುಗುಂಬಳ ಒಡೆದು ಬರುತ್ತಿದ್ದೆವು. ಈಗ ಲೇತ್ ಇಲ್ಲ, ಅದಕ್ಕೆ ಮನೆಯಲ್ಲಿ ಇದ್ದಬದ್ದದ್ದಕ್ಕೆಲ್ಲ ಪೂಜೆ ಮಾಡುತ್ತೇನೆ. ಸ್ಕೂಟರು, ಮಿಕ್ಸಿ, ನೀರಿನ ಪಂಪು, ಲ್ಯಾಪ್‌ಟಾಪು. ಆ ದಿನ ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಡಿಸ್ಕು ಕಣ್ಣಿಗೆ ಬಿತ್ತು. ಮಾತೇ ಆಯುಧವಾಗಿದ್ದ ಮನುಷ್ಯನ ಮಾತು ಇದರಲ್ಲಿದೆ, ಇದಕ್ಕೆ ಪೂಜೆ ಇಲ್ಲವೆಂದರೆ ಹೇಗೆ? ಡಬ್ಬಿಯಿಂದ ತೆಗೆದು ಮಣೆಯ ಮೇಲಿಟ್ಟೆ.

ಡಿಸ್ಕಿಗೆ ಎರಡು ಮುಖ. ಒಂದರ ಮೇಲೆ ಪೆನ್ನಿನಲ್ಲಿ ಏನೋ ಗೀಚಿತ್ತು, ಇನ್ನೊಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಲೇತ್‌ನವನ ಲೆಕ್ಕದಲ್ಲಿ ಹೊಳೆಯುವುದೇ ಮುಂದಿನ ಮುಖ. ಕಬ್ಬಿಣವನ್ನು ತಿರುಗಿಸಿ ತಿರುಗಿಸಿ ಹೊಳಪು ಬರುವ ತನಕ ಕೊರೆದು, ಆ ಮುಖವನ್ನು ಮೇಲೆ ಮಾಡಿಟ್ಟು ಸೂಪರ್‌ವೈಸರಿಗೆ ತೋರಿಸುವುದು ನಮ್ಮ ಪದ್ಧತಿ. ಪೂಜೆಗೂ ಅದೇ ಮುಖ. ಆ ಕೆಟ್ಟ ಅಭ್ಯಾಸದಲ್ಲೇ ಹೊಳೆಯುವ ಮುಖ ಮೇಲೆ ಮಾಡಿ, ನಟ್ಟನಡುವೆ ತೂತಿನ ಸುತ್ತ ಗಂಧ ಮೆತ್ತಿ, ಅದರ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಹಾಡು, ಮಾತು, ಚಿತ್ರ ಎಲ್ಲ ಇರುವುದು ಆ ಮುಖದಲ್ಲೇ ಎಂದು ನನಗೆ ಯಾರು ಹೇಳಬೇಕಿತ್ತು? ಮಂಗಳಾರತಿಯನ್ನೂ ಎತ್ತಿದೆ.

ಪೂಜೆ ಮಾಡಿದ್ದನ್ನು ಆ ದಿನ ಮುಟ್ಟಬಾರದು. ವಿಜಯದಶಮಿಯ ಬೆಳಿಗ್ಗೆ ಒಳ್ಳೆಯ ಕೆಲಸಕ್ಕೆ ಒಳ್ಳೆಯ ದಿನ ಎಂದು ಸ್ನಾನ ಮಾಡಿ ಕೂತೆ. ಗಂಧ ಒಣಗಿ ಗಟ್ಟಿಯಾಗಿತ್ತು. ಪಂಚೆಯ ತುದಿಯಿಂದ ಒರೆಸಿದೆ. ಪೂರ್ತಿ ಹೋಗಲಿಲ್ಲ, ಹೋಯಿತು ಎಂದುಕೊಂಡೆ. ಟ್ರೇ ಎಳೆದು ಡಿಸ್ಕನ್ನು ಕೂರಿಸಿದೆ. ಸರಿಯಾಗಿ ಕೂರಲಿಲ್ಲ, ಬೆರಳಿನಿಂದ ಒತ್ತಿದೆ. ಇನ್ನೂ ಕೂರಲಿಲ್ಲ. ಅಂಗೈಯಿಂದ ತಳ್ಳಿ ಟ್ರೇ ಮುಚ್ಚಿದೆ. ಒಳಗೆ ಕರಕರ ಎಂದು ಏನೋ ಅರೆದ ಸದ್ದು, ಆಮೇಲೆ ಮೌನ. ಗುಂಡಿ ಒತ್ತಿದರೆ ಟ್ರೇ ಬರಲಿಲ್ಲ. ಮತ್ತೆ ಒತ್ತಿದೆ. ಬರಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿ ಬೋರಲು ಮಾಡಿ ಕುಲುಕಿದೆ. ಒಂದು ಅಕ್ಷತೆಕಾಳು ನೆಲಕ್ಕೆ ಬಿತ್ತು, ಅಷ್ಟೇ.

"ಅಕ್ಕಿ ಬಿತ್ತಾ? ಲ್ಯಾಪ್‌ಟಾಪಿಂದ ಅಕ್ಕಿ ಬೀಳೋದನ್ನ ನಾನು ಎಲ್ಲೂ ನೋಡಿಲ್ಲ ಕಣ್ರೀ" ಎಂದಳು ಹೆಂಡತಿ.

ಅದೇ ಸಂಜೆ ಭದ್ರಾವತಿಯಿಂದ ಫೋನು. "ಕಾಪಿ ಆಯ್ತಾ ಅಣ್ಣಾ? ಇವ್ರು ದಿನಾ ಕೇಳ್ತಾರೆ. ಕೇಳ್ತಾರೆ ಅಂದ್ರೆ ಕೈಯಲ್ಲಿ." ಇಲ್ಲಮ್ಮ, ಡಿಸ್ಕು ಸಿಕ್ಕಿಕೊಂಡಿದೆ ಎಂದರೆ ಮುಗಿಯುತ್ತಿತ್ತು. "ಆಯ್ತಮ್ಮ, ಆಯ್ತು, ಫಸ್ಟ್‌ಕ್ಲಾಸಾಗಿ ಬಂದಿದೆ" ಎಂದುಬಿಟ್ಟೆ. ಫೋನು ಇಟ್ಟ ಮೇಲೆ ಹೆಂಡತಿ ನನ್ನನ್ನೇ ನೋಡಿದಳು. ನಾನು ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿದೆ. ನೀರು ಆಗಲೇ ಹಾಕಿಯಾಗಿತ್ತು.

ಮರುದಿನ ಸವಳಂಗ ರಸ್ತೆಯ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನಿಗೆ ಬಾಯಿ ಜಾಸ್ತಿ. ಲ್ಯಾಪ್‌ಟಾಪನ್ನು ಅಡಿಮೇಲು ಮಾಡಿ ನೋಡಿ, "ಇದೇನ್ ಮಹಾ ಸಾರ್. ಅಡಿಗಿರೋ ಈ ಸ್ಕ್ರೂ ಬಿಚ್ಚಿದ್ರೆ ಡ್ರೈವೇ ಹೊರಗೆ ಬರುತ್ತೆ. ಇವತ್ತು ಗಿರಾಕಿಗಳು ಜಾಸ್ತಿ, ಇಟ್ಟು ಹೋಗಿ, ನಾಳೆ ಸಂಜೆ ಬನ್ನಿ" ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಟ್ರೇಯ ಸಂದಿನಲ್ಲಿ ಕುಂಕುಮ ಕಂಡು ನಕ್ಕ. "ಏನ್ ಸಾರ್ ಇದು, ಲ್ಯಾಪ್‌ಟಾಪ್‌ಗೆ ಅರಿಶಿನ ಶಾಸ್ತ್ರ ಮಾಡಿಸಿದ್ರಾ? ಮದುವೆ ಯಾವಾಗ?" ಬೆಂಚಿನ ಮೇಲೆ ಕೂತಿದ್ದವರೆಲ್ಲ ಹೋ ಎಂದು ನಕ್ಕರು.

ನನ್ನ ನೆತ್ತಿಗೇರಿತು. "ಸ್ಕ್ರೂ ಬಿಚ್ಚೋದನ್ನ ನನಗೆ ಹೇಳಿಕೊಡ್ತೀಯೇನಯ್ಯ? ನೀನ್ ಹುಟ್ಟೋಕ್ ಮೊದ್ಲೇ ನಾನು ಥ್ರೆಡ್ ಕಟ್ ಮಾಡ್ತಿದ್ದೆ. ಕೊಡು ಇಲ್ಲಿ!" ಎಂದು ಕಿತ್ತುಕೊಂಡು ಬಂದೆ. ಅವನು ಹಿಂದಿನಿಂದ, "ಸಾರ್, ಬಲ ಹಾಕ್ಬೇಡಿ, ಡಿಸ್ಕ್ ಹೋಗುತ್ತೆ" ಎಂದು ಕೂಗಿ ಹೇಳಿದ. ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳಿದರೆ ಅದೊಂದು ಸುಳ್ಳು ಸೇರುತ್ತದೆ, ಬೇಡ.

ಮನೆಯಲ್ಲಿ ನನ್ನ ಸ್ಕ್ರೂಡ್ರೈವರುಗಳೆಲ್ಲ ಎಮ್ಮೆ ಗಾತ್ರದವು. ಆ ಸ್ಕ್ರೂ ಸಾಸಿವೆಯಷ್ಟು. ಚಾಕುವಿನ ಮೊನೆ ಇಟ್ಟು ತಿರುವಿದೆ. ಅದರ ತಲೆಯ ಗೆರೆಯೇ ಸವೆದು ನುಣ್ಣಗಾಯಿತು. ಇನ್ನು ಅದನ್ನು ಬ್ರಹ್ಮ ಬಂದರೂ ಬಿಚ್ಚುವಂತಿರಲಿಲ್ಲ. ಟ್ರೇಯ ಮುಂಭಾಗದಲ್ಲಿ ಒಂದು ಸಣ್ಣ ತೂತಿತ್ತು, ಹೆಂಡತಿಯ ಸೇಫ್ಟಿಪಿನ್ ನೆಟ್ಟಗೆ ಮಾಡಿ ತೂರಿಸಿದೆ. ಟಕ್ ಎಂದಿತು, ಟ್ರೇ ಬೆರಳಿನ ಅಗಲ ಈಚೆ ಬಂತು, ನಿಂತಿತು. ಡಿಸ್ಕು ಟ್ರೇಯ ನಡುವಿನ ಗುಬುಟಿನಲ್ಲಿ ಕೂತಿರಲಿಲ್ಲ. ಅಕ್ಷತೆಯ ಮೇಲೆ ಎದ್ದು ನಿಂತು ಮೇಲಿನ ತಗಡಿಗೆ ತಗಲಿಕೊಂಡಿತ್ತು.

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಅಂಗಡಿಗೇ ಕೊಡೋಣ. ಬೇಕಾದ್ರೆ ನಾನ್ ಹೋಗ್ತೀನಿ, ನೀವ್ ಬರ್ಬೇಡಿ" ಎಂದಳು ಹೆಂಡತಿ.

"ಸುಮ್ನಿರೆ ಮಾರಾಯ್ತಿ, ಎರಡು ನಿಮಿಷದ ಕೆಲಸ" ಎಂದೆ.

ನನ್ನ ಹತ್ತಿರ ಮುರಿದ ಗರಗಸದ ಬ್ಲೇಡಿನ ತುಂಡೊಂದಿದೆ. ತೆಳ್ಳಗೆ ಸಾಣೆ ಹಿಡಿದದ್ದು. ಕಾರ್ಖಾನೆಯಲ್ಲಿ ಎಷ್ಟೋ ಜಾಮುಗಳನ್ನು ಬಿಡಿಸಿದ್ದೇನೆ ಅದರಿಂದ. ಸಂದಿಗೆ ಕೊಬ್ಬರಿ ಎಣ್ಣೆ ಒಂದು ತೊಟ್ಟು ಬಿಟ್ಟು, ಬ್ಲೇಡನ್ನು ಡಿಸ್ಕಿನ ಅಡಿಗೆ ತೂರಿಸಿ, ಅಲ್ಲಿ ಸಿಕ್ಕಿದ್ದ ಅಕ್ಷತೆಯನ್ನು ಮೀಟಿ, ಇನ್ನೊಂದು ಕೈಯಿಂದ ಟ್ರೇ ಎಳೆದೆ. ಬರಲಿಲ್ಲ. ಅಂಗಡಿಯಲ್ಲಿ ನಕ್ಕವರೆಲ್ಲ ಕಣ್ಣಮುಂದೆ ಬಂದರು. ಹಲ್ಲು ಕಚ್ಚಿ ಎಳೆದೆ. ಕರ್ರ್ ಎಂದು ಸದ್ದಾಯಿತು. ಟ್ರೇ ಪೂರ್ತಿ ಈಚೆ ಬಂತು, ಡಿಸ್ಕೂ ಬಂತು. "ಬಂತು ನೋಡು!" ಎಂದು ನಾನು ಗೆದ್ದವನ ಹಾಗೆ ಕೂಗಿದೆ. ಎತ್ತಿ ಬೆಳಕಿಗೆ ಹಿಡಿದಾಗ ಹೊಳೆಯುವ ಮುಖದ ಮೇಲೆ, ಅಂಚಿನಿಂದ ನಡುವಿನ ಕಡೆಗೆ, ಕುಡುಗೋಲಿನ ಹಾಗೆ ಬಾಗಿದ ಆಳದ ಗೆರೆ. ಅಂಚಿನಲ್ಲಿ ಬಿರುಕು. ಹೆಂಡತಿ ಒಳಗೆ ಹೋದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ?

ಮತ್ತೆ ಅದೇ ಅಂಗಡಿಗೆ ಹೋದೆ. ಈ ಸಲ ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಮತ್ತೆ ಜಗಳವಾಡಬಹುದಿತ್ತು. ಸೋಪುನೀರಿನಲ್ಲಿ ಡಿಸ್ಕನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ, ತನ್ನ ಮಷೀನಿಗೆ ಹಾಕಿ ಬಹಳ ಹೊತ್ತು ನೋಡಿದ. "ಮೊದಲ ಭಾಗ ಬರ್ತಾ ಇದೆ ಸಾರ್. ಇದರಲ್ಲಿ ಒಳಗಿಂದ ಹೊರಕ್ಕೆ ಬರೆದಿರುತ್ತೆ. ಹೊರಗಿಂದು ಹೋಗಿದೆ. ಬಂದಷ್ಟು ಹಾಕ್ಕೊಡ್ತೀನಿ" ಎಂದು ಪೆನ್‌ಡ್ರೈವಿಗೆ ತುಂಬಿಸಿ ಕೊಟ್ಟ.

ಮನೆಯಲ್ಲಿ ಟಿವಿಗೆ ಹಾಕಿ ನೋಡಿದೆವು. ಕಾಲೋನಿಯ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು, ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕೂತ ನನ್ನ ಗೆಳೆಯ. ಸ್ವಾಗತ ಇನ್ಯಾರದೋ. ತನ್ನದೇ ಬೀಳ್ಕೊಡುಗೆಗೆ ತಾನೇ ನಿರೂಪಣೆ ಮಾಡುವಂತಿಲ್ಲವಲ್ಲ. ಆಮೇಲೆ ಮೈಕಿಗೆ ಬಂದವನು ನಾನು. ಗೆಳೆಯನನ್ನು ಹೊಗಳಲು ಮೈಕು ಕೊಟ್ಟರೆ ಕ್ಯಾಂಟೀನಿನ ಸಾಂಬಾರು, ಬೋನಸ್ಸು, ಮಳೆಗೆ ಸೋರುವ ಶೆಡ್ಡು, ಎಲ್ಲವನ್ನೂ ಬೈದು, ನಡುನಡುವೆ ಅವನ ಹೆಸರು ಹೇಳಿ, ಅದೆಷ್ಟು ಹೊತ್ತು ಕೊರೆದಿದ್ದೇನೆ! ಒಂದಕ್ಷರವೂ ಹಾಳಾಗಿಲ್ಲ. ಕೆಮ್ಮಿದ್ದೂ ಕೇಳಿಸುತ್ತದೆ. ಕೊನೆಗೆ ನಾನು ಇಳಿದೆ, ಅವನು ಎದ್ದ. ಮೈಕಿನ ಎತ್ತರ ಸರಿಮಾಡಿಕೊಂಡ, ಸಭೆಗೆ ಕೈಮುಗಿದ, ಬಾಯಿ ತೆರೆದ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಯಿತು.

"ನಿಮ್ಮದು ಪೂರ್ತಿ ಬಂದಿದೆ" ಎಂದಳು ಹೆಂಡತಿ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ದಿನ ಊಟ ಸೇರಲಿಲ್ಲ. ದೀಪಾವಳಿಗೆ ಮೊದಲೇ ಹೇಳಿಬಿಡಬೇಕು ಎಂದು ಎಷ್ಟೋ ಸಲ ಫೋನು ಕೈಗೆತ್ತಿಕೊಂಡೆ. ಆ ಕಡೆ ರಿಂಗಾಗುವ ಮೊದಲೇ ಇಟ್ಟೆ. ಊರಿನವರ ಮುಂದೆಲ್ಲ ಹುಲಿಯ ಹಾಗೆ ಗುರುಗುಟ್ಟುವವನಿಗೆ ನಾಲ್ಕು ಮಾತು ಹೇಳಲು ಧೈರ್ಯ ಬರಲಿಲ್ಲ. ಹಬ್ಬದ ದಿನ ಭದ್ರಾವತಿಯ ಬಸ್ಸಿನಲ್ಲಿ ಹೆಂಡತಿ ಕೇಳಿದಳು, "ನೀವ್ ಹೇಳ್ತೀರೋ, ನಾನ್ ಹೇಳ್ಲೋ?"

"ನಾನೇ ಹೇಳ್ತೀನಿ" ಎಂದೆ.

ಹೇಳಲು ಆಗಲಿಲ್ಲ. ನಾವು ಹೋಗುವಷ್ಟರಲ್ಲಿ ಟಿವಿಯ ಮುಂದೆ ಚಾಪೆ ಹಾಸಿಟ್ಟಿದ್ದರು. ಮೊಮ್ಮಗಳು ಹೊಸ ಲಂಗ ಹರಡಿಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಳು. ಗೆಳೆಯ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಗಂಟಲಿನ ತೂತು ಕಾಣದಂತೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ. "ಅಣ್ಣಾ, ಎಲ್ಲಿ ಕೊಡಿ" ಎಂದು ಅವನ ಹೆಂಡತಿ ಕೈ ಚಾಚಿದರು. ನಾನು ಕೊಟ್ಟೆ. ಅವರ ಮಗಳು ಟಿವಿಗೆ ಸಿಕ್ಕಿಸಿದಳು. ನನ್ನ ಭಾಷಣ ಶುರುವಾಯಿತು.

"ಅಜ್ಜ ಯಾವಾಗ ಮಾತಾಡ್ತಾರೆ?" ಎಂದು ಮಗು ಕೇಳಿತು. "ಈಗ ಬರ್ತಾರೆ ಇರು" ಎಂದರು ಅಜ್ಜಿ. ಟಿವಿಯೊಳಗೆ ನಾನು ಸಾಂಬಾರನ್ನು ಬೈಯುತ್ತಿದ್ದೆ. ಮಗು ಮತ್ತೆ ಕೇಳಿತು. ನಾನು ಬೋನಸ್ಸಿಗೆ ಬಂದಿದ್ದೆ. ಎದ್ದು ಹೋಗಿ ಪ್ಲಗ್ ಕಿತ್ತುಹಾಕೋಣ ಅನ್ನಿಸಿತು. ಕೂತಲ್ಲೇ ಕೂತೆ. ಕೊನೆಗೆ ಅವನು ಎದ್ದ, ಮೈಕು ಸರಿಮಾಡಿಕೊಂಡ, ಕೈಮುಗಿದ, ಬಾಯಿ ತೆರೆದ. ಮಗು ಮಂಡಿಯ ಮೇಲೆ ಎದ್ದು ಕೂತಿತು. ಚಿತ್ರ ನಿಂತಿತು.

"ಕೇಬಲ್ ಲೂಸಾಗಿದೆಯೇನೋ" ಎಂದು ಮಗಳು ಎದ್ದಳು.

"ಕೇಬಲ್ ಅಲ್ಲಮ್ಮ" ಎಂದೆ. "ಇಷ್ಟೇ ಇರೋದು. ಡಿಸ್ಕು ಸಿಕ್ಕಾಕ್ಕೊಂಡಿತ್ತು, ನಾನು ಬ್ಲೇಡ್ ಹಾಕಿ ಎಳೆದೆ. ಅಂಗಡಿಯವನು ಬೇಡ ಅಂದ, ಇವಳೂ ಬೇಡ ಅಂದ್ಲು. ನಾನೇ ಹಾಳು ಮಾಡಿದ್ದು."

"ಆಯ್ತು ಅಂದ್ರಲ್ಲ ಅಣ್ಣಾ?" ಎಂದರು ಗೆಳೆಯನ ಹೆಂಡತಿ. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದರು. "ಫಸ್ಟ್‌ಕ್ಲಾಸಾಗಿ ಬಂದಿದೆ ಅಂದ್ರಲ್ಲ?"

ಗೆಳೆಯ ಟಿವಿಯಲ್ಲಿ ಬಾಯಿ ತೆರೆದು ನಿಂತ ತನ್ನನ್ನೇ ನೋಡುತ್ತಿದ್ದ. ಆಮೇಲೆ ಎದ್ದು ಬಂದು ನನ್ನ ಪಕ್ಕ ಕೂತ. ಟಿವಿಯ ಕಡೆ ತೋರಿಸಿದ, ನನ್ನ ಕಡೆ ತೋರಿಸಿದ, ಕಾಗೆಯ ಕೊಕ್ಕಿನ ಹಾಗೆ ಬೆರಳುಗಳನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಎರಡೂ ಕೈ ಬರಿದು ಮಾಡಿ ತೋರಿಸಿದ. ನೀನೇ ಅಷ್ಟು ಹೊತ್ತು ವಟವಟ ಎಂದರೆ ನನಗೆ ಜಾಗ ಎಲ್ಲಿ ಉಳಿಯುತ್ತದೆ ಎಂದು ಅರ್ಥ. ಎಲ್ಲರೂ ನಕ್ಕರು. ಅವನೂ ಸದ್ದಿಲ್ಲದೆ ಭುಜ ಕುಣಿಸಿ ನಕ್ಕ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮಗು ಮಾತ್ರ ನಗಲಿಲ್ಲ. ನನ್ನ ಮುಂದೆ ಬಂದು ನಿಂತಿತು. "ಆಮೇಲೆ ಅಜ್ಜ ಏನಂದ್ರು? ನೀವು ಅಲ್ಲೇ ಇದ್ರಲ್ಲ. ನೀವ್ ಹೇಳಿ. ಅಜ್ಜನ ಥರಾನೇ ಹೇಳಿ."

ಮಾತು ನೆನಪಿತ್ತು. ಮಾನ್ಯರೇ, ಮಹನೀಯರೇ, ಇಷ್ಟು ಹೊತ್ತು ನನ್ನ ಸ್ನೇಹಿತನ ಕಷ್ಟಸುಖ ಕೇಳಿದಿರಿ, ಈಗ ನನ್ನದನ್ನೂ ಕೇಳಿ ಎಂದು ಶುರುಮಾಡಿದ್ದ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಆದರೆ ದನಿ? ಕಣ್ಣು ಮುಚ್ಚಿ ಹುಡುಕಿದೆ. ಪಕ್ಕದ ಲೇತಿನಿಂದ ದಿನವಿಡೀ ಕೇಳಿದ ದನಿ. ಟೀಗೆ ಕರೆದ ದನಿ, ನನ್ನ ಮಗಳ ಮದುವೆಯಲ್ಲಿ ಮೈಕು ಹಿಡಿದ ದನಿ. ಬರಲಿಲ್ಲ. ಡಿಸ್ಕು ಸಿಕ್ಕಿತಲ್ಲ ಎಂದು ನೆಮ್ಮದಿಯಾಗಿದ್ದ ನಾನು ಆ ದನಿಯನ್ನು ಯಾವಾಗಲೋ ಮರೆತಿದ್ದೆ. ಮಗು ಕಾಯುತ್ತಿತ್ತು. ನಾಟಕದ ರಾಜನ ಹಾಗೆ ಗಂಟಲು ದಪ್ಪ ಮಾಡಿಕೊಂಡು, "ಮಾನ್ಯರೇ, ಮಹನೀಯರೇ" ಎಂದೆ. ಮಗು ಚಪ್ಪಾಳೆ ತಟ್ಟಿ ಕುಣಿಯಿತು.

"ಅವರ ದನಿ ಹಂಗಿರ್ಲಿಲ್ಲ" ಎಂದರು ಗೆಳೆಯನ ಹೆಂಡತಿ. ಮೆಲ್ಲಗೆ ಹೇಳಿ, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದರು. ಅವರ ಹಿಂದೆಯೇ ನನ್ನ ಹೆಂಡತಿಯೂ ಹೋದಳು. ಗೆಳೆಯ ಮಗುವಿನ ಜೊತೆ ಸೇರಿ ಚಪ್ಪಾಳೆ ತಟ್ಟಿದ.

ಈಗ ಮಗು ರಜೆ ಸಿಕ್ಕಾಗಲೆಲ್ಲ ದಾವಣಗೆರೆಯಿಂದ ವಿಡಿಯೋ ಕಾಲ್ ಮಾಡುತ್ತದೆ. "ಅಜ್ಜನ ದನಿ ಮಾಡಿ" ಎನ್ನುತ್ತದೆ. ಮಾಡುತ್ತೇನೆ. ಒಂದು ಸಲ, ಹಾಗಿರಲಿಲ್ಲ ಪುಟ್ಟಾ, ಇದು ನಾನು ಸುಮ್ಮನೆ ಮಾಡುವುದು ಎಂದೆ. "ನಂಗೊತ್ತು, ಹಂಗೇ ಇತ್ತು" ಎಂದು ಮುನಿಸಿಕೊಂಡು ಫೋನು ಇಟ್ಟಿತು. ಶಾಲೆಯಲ್ಲಿ ಗೆಳತಿಯರಿಗೆಲ್ಲ ಅದೇ ದಪ್ಪ ದನಿ ಮಾಡಿ, ಇದು ನಮ್ಮಜ್ಜ ಎಂದು ತೋರಿಸುತ್ತಾಳಂತೆ. ಅವಳ ಅಮ್ಮ ಸಂತೋಷದಿಂದಲೇ ಹೇಳಿದಳು.

ಹೋದ ವಾರ ಕರೆ ಬಂದಾಗ ಗೆಳೆಯ ಮಗುವಿನ ಪಕ್ಕದಲ್ಲಿದ್ದ, ಮಗಳ ಮನೆಗೆ ಹೋಗಿದ್ದನಂತೆ. "ಮಾಡಿ, ಮಾಡಿ, ಅಜ್ಜ ಇಲ್ಲೇ ಇದ್ದಾರೆ" ಎಂದಿತು ಮಗು. ಅವನ ಎದುರಿಗೇ ಹೇಗೆ ಮಾಡುವುದು? ತಲೆ ತಗ್ಗಿಸಿದೆ. ಅವನು ಪರದೆಯ ಮೇಲೆ ಬೆರಳಿನಿಂದ ಕುಟ್ಟಿದ. ಮಾಡು ಎಂದು ಸನ್ನೆ ಮಾಡಿ, ಅಂಗಿಯ ಕಾಲರ್ ಸರಿಮಾಡಿಕೊಂಡು, ಮೊಮ್ಮಗಳ ಕಡೆ ತಿರುಗಿ ನೆಟ್ಟಗೆ ಕೂತ. ನಾನು ಗಂಟಲು ದಪ್ಪ ಮಾಡಿಕೊಂಡು ಶುರುಮಾಡಿದೆ. ನನ್ನ ಆ ಸುಳ್ಳು ದನಿಗೆ ಸರಿಯಾಗಿ, ಒಂದೊಂದು ಮಾತಿಗೂ, ಅವನು ತುಟಿ ಆಡಿಸಿದ.

"ನೋಡಿ, ನೋಡಿ, ಅಜ್ಜ ಮಾತಾಡ್ತಿದಾರೆ!" ಎಂದು ಮಗು ಕೂಗಿತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನ ತುಟಿಯೂ ನಿಲ್ಲುತ್ತಿತ್ತು.